ಮಲಗುವ ಪಾಳಿ

ನನ್ನ ತಮ್ಮನನ್ನು ಈಗ ಕಾಲೇಜುಗಳಿಗೆ ಭಾಷಣಕ್ಕೆ ಕರೆಯುತ್ತಾರೆ. ಹೊಸದನ್ನು ಕಂಡುಹಿಡಿಯುವುದು ಹೇಗೆ, ಕೆಲಸ ಅಂದರೇನು, ಸೃಜನಶೀಲತೆ ಎಲ್ಲಿಂದ ಬರುತ್ತದೆ ಎಂದೆಲ್ಲ ಮೈಕು ಹಿಡಿದು ಮಾತಾಡುತ್ತಾನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಒಮ್ಮೆ ನಾನೂ ಹೋಗಿ ಕೊನೆಯ ಸಾಲಿನಲ್ಲಿ ಕೂತು ಕೇಳಿದೆ. ಚೆನ್ನಾಗಿಯೇ ಮಾತಾಡಿದ, ಸುಳ್ಳೇನೂ ಹೇಳಲಿಲ್ಲ. ಆದರೆ ತನ್ನನ್ನು ಹಾಸಿಗೆಗೆ ಬಿಗಿದು ಕಟ್ಟಿದ ದಿನ ಸ್ವಂತ ಅಕ್ಕನಿಗೆ ಏನೇನು ಬೈದ ಅನ್ನುವುದನ್ನು ಮಾತ್ರ ಗುಳುಂ ಮಾಡಿಬಿಟ್ಟ. ಅದಕ್ಕೇ ಈ ಕಥೆಯನ್ನು ನಾನು ಹೇಳಬೇಕಾಗಿದೆ.

ನಾನು ದರ್ಜಿ. ಅಂಗಿ ಲಂಗ ಹೊಲಿಯುವವಳಲ್ಲ, ಸೀಟು ಹೊಲಿಯುವವಳು. ಬಸ್ಸು, ಲಾರಿ, ಕಾರು, ಒಂದು ಸಲ ಹಲ್ಲಿನ ಡಾಕ್ಟರ ಕುರ್ಚಿ. ಮೂವತ್ತು ವರ್ಷ ಇದೇ ಕೆಲಸ. ತಮ್ಮ ಎಂಜಿನಿಯರು. ದೊಡ್ಡ ಕಂಪನಿಯಲ್ಲಿ ಒಳ್ಳೆಯ ಕೆಲಸವಿತ್ತು. ಒಂದು ದಿನ ಅದಕ್ಕೆ ರಾಜೀನಾಮೆ ಬಿಸಾಕಿ ಬಂದು, ನನ್ನ ಅಂಗಡಿಯ ಹಿಂದಿನ ಗೋದಾಮನ್ನು ಗುಡಿಸಿ, "ಅಕ್ಕ, ಇಲ್ಲಿ ಒಂದು ಹಾಸಿಗೆ ಮಾಡ್ತೀನಿ" ಅಂದ. ತಲೆಗಿಲೆ ಕೆಟ್ಟಿದೆಯಾ ಅಂತ ಕೇಳಿದೆ. ಕೆಟ್ಟಿತ್ತು. ನನ್ನದೂ ಕೆಡಿಸಿದ.

ಎದ್ದು ಓಡಾಡಲಾಗದವರು ಮಲಗಿದಲ್ಲೇ ಮಲಗಿದ್ದರೆ ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಆಗಬಾರದು ಅಂದರೆ ಎರಡು ಗಂಟೆಗೊಮ್ಮೆ ಯಾರಾದರೂ ಅವರನ್ನು ಮಗ್ಗುಲು ತಿರುಗಿಸುತ್ತಲೇ ಇರಬೇಕು. ಹಗಲಾದರೂ ಸರಿ, ರಾತ್ರಿಯಾದರೂ ಸರಿ. ಆ ಕೆಲಸವನ್ನು ಹಾಸಿಗೆಯೇ ಮಾಡಬೇಕು ಅನ್ನುವುದು ಅವನ ಹಠ. ಒಳಗೆ ಗಾಳಿ ತುಂಬುವ ಉದ್ದುದ್ದ ರಬ್ಬರ್ ಚೀಲಗಳು, ಊದಲು ಒಂದು ಪಂಪು, ಮೈಭಾರ ಎಲ್ಲೆಲ್ಲಿ ಎಷ್ಟು ಬಿದ್ದಿದೆ ಎಂದು ಅಳೆಯುವ ತೆಳ್ಳನೆಯ ಹಾಳೆ, ಅದನ್ನೆಲ್ಲ ನೋಡಿಕೊಳ್ಳಲು ಒಂದು ಕಂಪ್ಯೂಟರು. ಚೀಲಗಳನ್ನು ಕೂರಿಸುವ ಖಾನೆಗಳನ್ನು ಹೊಲಿಯಲು ನಾನು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಒಬ್ಬಳು ಹುಡುಗಿ. ಅವಳಿಗೆ ಒಳ್ಳೆಯ ಹೆಸರೇ ಇದೆ, ಆದರೆ 'ಕನ್ನಡಕ' ಅಂದರೆ ಮಾತ್ರ ತಿರುಗಿ ನೋಡುತ್ತಾಳೆ. ಮೂವರದೇ ಕಂಪನಿ.

ತಮ್ಮ ಮೀಟಿಂಗ್ ಮಾಡುವುದಿಲ್ಲ. "ಐಡಿಯಾ ಅನ್ನೋದು ಕುರ್ಚಿ ಮೇಲೆ ಕೂತು ಯೋಚಿಸಿದ್ರೆ ಬರಲ್ಲ ಅಕ್ಕ. ತೊಂದ್ರೆ ಎಲ್ಲಿದೆಯೋ ಅಲ್ಲಿಗೆ ಮೈ ಒಡ್ಡಬೇಕು" ಅನ್ನುತ್ತಾನೆ. ಹಾಗಾಗಿ ನಮ್ಮಲ್ಲಿ ಒಂದು ನಿಯಮ. ಮಾಡಿದವರೇ ಮಲಗಬೇಕು. ಹೊಸ ಹಾಸಿಗೆ ಸಿದ್ಧವಾದಾಗಲೆಲ್ಲ ಮೂವರೂ ಸರದಿಯ ಮೇಲೆ ಒಂದೊಂದು ದಿನ ಎಂಟು ಗಂಟೆ ಕೈಕಾಲು ಅಲ್ಲಾಡಿಸದೆ ಅದರ ಮೇಲೆ ಬಿದ್ದಿರಬೇಕು. ಎದ್ದ ಮೇಲೆ ಎಲ್ಲಿ ನೋವು, ಎಲ್ಲಿ ಜೋಮು ಎಂದು ಬರೆಯಬೇಕು. ಇದಕ್ಕೆ ಮಲಗುವ ಪಾಳಿ ಅಂತ ಹೆಸರು. ಪಕ್ಕದ ಬೀಗದ ಅಂಗಡಿಯವಳು ಒಮ್ಮೆ ಮಧ್ಯಾಹ್ನ ಬಂದು, ಯಜಮಾನನೇ ಅಂಗಾತ ಬಿದ್ದಿರುವುದನ್ನು ನೋಡಿ, "ನಿಮ್ಮಲ್ಲಿ ಕೆಲಸ ಖಾಲಿ ಇದ್ರೆ ಹೇಳಿ, ನಮ್ಮನೆಯವರು ಇದ್ರಲ್ಲಿ ಎತ್ತಿದ ಕೈ" ಅಂದು ಹೋದಳು.

ಮಲಗುವುದರಲ್ಲಿ ನಾನೇ ಮೊದಲನೆಯವಳು. ಬಂಡೆಯ ಹಾಗೆ ಬಿದ್ದಿರುತ್ತಿದ್ದೆ. ತಮ್ಮ ಅರ್ಧ ಗಂಟೆಗೆ ಗೊಣಗಲು ಶುರುಮಾಡುತ್ತಿದ್ದ, ಕನ್ನಡಕಕ್ಕೆ ಮೂಗು ಕೆರೆಯುತ್ತಿತ್ತು. ನಾನು ಮಾತ್ರ ಕಣ್ಣು ಮುಚ್ಚಿದರೆ ಮುಗಿಯಿತು. ಇದರ ಬಗ್ಗೆ ನನಗೆ ಜಂಬವೂ ಇತ್ತು, ಮುಚ್ಚಿಡುವುದೇಕೆ?

ಐದು ವರ್ಷದಲ್ಲಿ ಆರು ಹಾಸಿಗೆ ಮಾಡಿ ಬಿಸಾಡಿದೆವು. ಏಳನೆಯದರ ಮೇಲೆ ಮೂವರೂ ಮಲಗಿ ಎದ್ದೆವು, ಯಾರಿಗೂ ಒಂದು ಕೆಂಪು ಚುಕ್ಕೆಯೂ ಆಗಲಿಲ್ಲ. ತಮ್ಮ ಅದನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದ.

ಆಸ್ಪತ್ರೆಯ ಹಿರಿಯ ಸಿಸ್ಟರ್ ನಗುವವರಲ್ಲ. ಮೂರು ವಾರಕ್ಕೆ ಒಂದೇ ಒಂದು ಮಂಚ ಕೊಟ್ಟರು. ಅದರ ಮೇಲಿದ್ದವರು ಒಬ್ಬ ಬಡಗಿ. ನಾಲ್ಕು ವರ್ಷದ ಹಿಂದೆ ಚಾವಣಿಯಿಂದ ಬಿದ್ದು, ಕುತ್ತಿಗೆಯಿಂದ ಕೆಳಗೆ ಸ್ವಾಧೀನವೂ ಇಲ್ಲ, ಸ್ಪರ್ಶವೂ ಇಲ್ಲ. ನಾಲಿಗೆ ಮಾತ್ರ ಉಳಿ ಇದ್ದ ಹಾಗೆ. ನಾನು ಹಾಸಿದ ಹಾಸಿಗೆಯ ಅಂಚನ್ನು ನೋಡಿ, "ಹೊಲಿಗೆ ನೇರವಾಗಿದೆ. ಎಂಜಿನಿಯರ್ ಕೈಯಲ್ಲ ಇದು" ಅಂದರು. ಆ ಕ್ಷಣದಿಂದ ಅವರು ನನಗೆ ಬೇಕಾದವರಾಗಿಬಿಟ್ಟರು.

ಅವರ ಹೆಂಡತಿ ನಾಲ್ಕು ವರ್ಷದಿಂದ ಎರಡು ಗಂಟೆಗೊಮ್ಮೆ ಅಲಾರಾಂ ಇಟ್ಟುಕೊಂಡು ಎದ್ದು ಗಂಡನನ್ನು ತಿರುಗಿಸಿದ್ದರು. ಈಗ ಅವರ ಬೆನ್ನೇ ಕೈಕೊಟ್ಟಿತ್ತು. ಇನ್ನು ಭಾರ ಎತ್ತಿದರೆ ನೀವೂ ಪಕ್ಕದ ಮಂಚಕ್ಕೆ ಬರುತ್ತೀರಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಹಾಗಾಗಿ ಎರಡೇ ದಾರಿ. ಹಾಸಿಗೆ ಕೆಲಸ ಮಾಡಿದರೆ ಬಡಗಿ ಅದರ ಸಮೇತ ಮನೆಗೆ. ಇಲ್ಲದಿದ್ದರೆ ಆರು ತಾಸು ದೂರದ ಆರೈಕೆ ಕೇಂದ್ರಕ್ಕೆ, ಇನ್ನು ಇರುವಷ್ಟು ದಿನ ಅಲ್ಲೇ. "ತಿಂಗಳಿಗೊಂದು ಸಲ ಹೋಗಿ ನೋಡ್ಕೊಂಡು ಬರಬಹುದಂತೆ" ಎಂದು ಆಕೆ ನನಗೆ ಹೇಳಿದರು. ಹೇಳುವಾಗ ಗಂಡನ ಕಾಲಿನ ಹೊದಿಕೆಯನ್ನು ಸರಿಮಾಡುತ್ತಲೇ ಇದ್ದರು, ಅದು ಸರಿಯಾಗಿಯೇ ಇತ್ತು.

ಒಂಬತ್ತನೆಯ ದಿನ, ಮಂಗಳವಾರ ಬೆಳಿಗ್ಗೆ, ಸಿಸ್ಟರ್ ಫೋನ್ ಮಾಡಿದರು. ಹೋಗಿ ನೋಡಿದರೆ ಬಡಗಿಯ ಬಲ ಹಿಮ್ಮಡಿಯ ಮೇಲೆ ನಾಣ್ಯದಗಲ ಕೆಂಪು. ಸಿಸ್ಟರ್ ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. "ರಕ್ತ ಓಡಾಡ್ತಿದ್ರೆ ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತೆ. ಇದು ಬೆಳ್ಳಗೇ ಆಗ್ತಿಲ್ಲ. ಹುಣ್ಣು ಹೀಗೇ ಶುರುವಾಗೋದು."

ತಮ್ಮನ ಮುಖ ಸುಣ್ಣದ ಹಾಗಾಯಿತು. "ನಾವು ಮೂವರೂ ಮಲಗಿ ನೋಡಿದೀವಿ ಸಿಸ್ಟರ್. ಎಂಟೆಂಟು ಗಂಟೆ."

"ನೀವು ಮಲಗಿದ್ರಿ, ಸರಿ. ಇವರ ಕಾಲು ನೋಡಿ." ಅಷ್ಟೇ ಅಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಕೇಂದ್ರದವರು ಸೋಮವಾರಕ್ಕೆ ಜಾಗ ಹಿಡಿದಿಟ್ಟಿದ್ದಾರೆ, ಆಂಬುಲೆನ್ಸೂ ನಿಗದಿಯಾಗಿದೆ. ಅಲ್ಲಿವರೆಗೆ ನಾವೇ ಹೊರಳಿಸ್ತೀವಿ. ಶುಕ್ರವಾರದೊಳಗೆ ಸರಿಮಾಡಿ ತಂದ್ರೆ ಎರಡು ದಿನ ನೋಡ್ತೀನಿ. ಆಗ್ಲೂ ಕೆಂಪಾದ್ರೆ ನನ್ನ ಕೈಲಿ ಏನೂ ಇಲ್ಲ" ಅಂದರು.

ಬಡಗಿ ತಮ್ಮನನ್ನು ಕರೆದರು. "ಎಂಜಿನಿಯರೇ, ಬಾಗಿಲು ಮುಚ್ಚಿಕೊಳ್ಳದಿದ್ರೆ ನಾನು ಬಾಗಿಲು ನೋಡ್ತಿರಲಿಲ್ಲ, ಚೌಕಟ್ಟು ನೋಡ್ತಿದ್ದೆ" ಅಂದರು. ತಮ್ಮ ತಲೆಯಾಡಿಸಿದ. ಅದು ಅವನ ತಲೆಗೆ ಹೋಗಿರಲಿಲ್ಲ ಎಂದು ನನಗೆ ಗೊತ್ತಾಯಿತು.

ಹಾಸಿಗೆಯನ್ನು ವಾಪಸು ಹೊತ್ತು ಗೋದಾಮಿಗೆ ಬಂದು ನಮ್ಮ ಮೂವರ ಮಲಗುವ ಪಾಳಿಯ ದಾಖಲೆಗಳನ್ನು ಪರದೆಯ ಮೇಲೆ ತೆರೆದ. ಭಾರ ಬಿದ್ದ ಜಾಗಗಳು ಬಣ್ಣಬಣ್ಣವಾಗಿ ಕಾಣುತ್ತವೆ. ಎಲ್ಲ ನೀಟಾಗಿತ್ತು. ಎರಡು ಸಲ ನೋಡಿದ, ಮೂರು ಸಲ ನೋಡಿದ. "ನೋಡಿ, ಒಬ್ರಾದ್ರೂ ಅಲ್ಲಾಡಿಲ್ಲ. ಆದ್ರೂ ಯಾರಿಗೂ ಏನೂ ಆಗಿಲ್ಲ. ಹಾಸಿಗೆ ಸರಿಯಾಗೇ ಇದೆ."

ಕನ್ನಡಕ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು. "ಸರ್, ಅದು ಪೂರ್ತಿ ದಾಖಲೆ ಅಲ್ಲ" ಅಂದಳು.

"ಅಂದ್ರೆ?"

"ಅಲ್ಲಾಡಬಾರದು ಅಂತ ನಿಯಮ ಇತ್ತಲ್ಲ ಸರ್. ಹಾಳೆಯಲ್ಲಿ ಆಗಾಗ ಸಣ್ಣಸಣ್ಣ ಏರಿಳಿತ ಬರ್ತಿತ್ತು. ಯಾರೂ ಅಲ್ಲಾಡ್ತಿಲ್ಲ ಅಂದ್ಮೇಲೆ ಹಾಳೆಯದ್ದೇ ದೋಷ ಅಂದ್ಕೊಂಡೆ. ಅದನ್ನೆಲ್ಲ ಅಳಿಸಿ ತೋರಿಸೋ ಹಾಗೆ ಪ್ರೋಗ್ರಾಂ ಬರೆದೆ. ಮೊದಲನೇ ವರ್ಷದಿಂದ."

"ಅಳಿಸದೆ ಇರೋದು ಇದೆಯಾ?"

"ಇದೆ. ಏನನ್ನೂ ಬಿಸಾಕಿಲ್ಲ."

ತೆರೆದಳು. ಯಾರದ್ದು ತೆರೆದಳು ಅನ್ನುತ್ತೀರಿ? ನನ್ನದು. ಬಂಡೆಯಂಥ ನನ್ನದು. ಎಂಟು ಗಂಟೆಯಲ್ಲಿ ಮುನ್ನೂರ ಹನ್ನೆರಡು ಸಲ ಅಲ್ಲಾಡಿದ್ದೆ. ಹಿಮ್ಮಡಿ ಒಂದು ಕೂದಲೆಳೆಯಷ್ಟು ಆಚೆ, ಸೊಂಟ ಒಂದಿಷ್ಟು ಈಚೆ, ಭುಜ ಮೇಲೆ, ಮತ್ತೆ ಹಿಮ್ಮಡಿ. ನಿದ್ದೆ ಹತ್ತಿದ ಮೇಲೂ ನಿಂತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ನಿನ್ನ ಯಂತ್ರ ಸುಳ್ಳು ಹೇಳುತ್ತೆ ಕಣೇ" ಎಂದು ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳು ಉಳಿದಿಬ್ಬರದ್ದೂ ತೆರೆದು ತೋರಿಸಿದಳು. ತಮ್ಮನದು ಐನೂರರ ಹತ್ತಿರ.

ಆಗ ನನಗೆ ಹೊಳೆಯಿತು. ಹೊಳೆಯಿತು ಅನ್ನುವುದೂ ತಪ್ಪು, ಮೂವತ್ತು ವರ್ಷದಿಂದ ನನಗೆ ಗೊತ್ತೇ ಇದ್ದ ವಿಷಯ. ಹರಿದ ಸೀಟು ತಂದು ಹಾಕುತ್ತಾರಲ್ಲ, ಅದು ಭಾರಕ್ಕೆ ಹರಿದಿರುವುದಿಲ್ಲ, ಉಜ್ಜಾಟಕ್ಕೆ ಸವೆದಿರುತ್ತದೆ. ಕೂತವನು ಎಷ್ಟೇ ಗಂಭೀರ ಮನುಷ್ಯನಾಗಲಿ, ಅವನ ಕುಂಡೆ ಒಂದು ಗಳಿಗೆ ಸುಮ್ಮನಿರುವುದಿಲ್ಲ. ಯಾವ ಸೀಟಾದರೂ ಹೇಳುತ್ತದೆ. ಅದನ್ನೇ ಹೇಳಿದೆ. ನಮ್ಮ ಹಿಮ್ಮಡಿಯನ್ನು ಕಾಪಾಡಿದ್ದು ಹಾಸಿಗೆಯಲ್ಲ, ಈ ಅಲ್ಲಾಟ; ಬಡಗಿಯ ಮೈಗೆ ಅದು ಇಲ್ಲ.

ತಮ್ಮ ನನ್ನ ಕಡೆ ತಿರುಗಿದ. "ಇದು ಗೊತ್ತಿತ್ತಾ ನಿನಗೆ? ಮತ್ತೆ ಐದು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?"

"ಯಾರು ಕೇಳಿದ್ರು?" ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ಇಷ್ಟುದ್ದ ಇಷ್ಟಗಲ ಹೊಲಿ ಅಂದೆ, ಹೊಲಿದೆ. ಐಡಿಯಾ ಎಲ್ಲಿಂದ ಬರುತ್ತೆ ಅಂತ ದಿನಾ ಪಾಠ ಮಾಡ್ತೀಯಲ್ಲ, ಒಂದು ದಿನವಾದ್ರೂ 'ಅಕ್ಕ, ನಿನಗೇನನ್ಸುತ್ತೆ' ಅಂದಿದ್ದೀಯಾ? ನಾನು ಸೂಜಿ, ನೀನು ತಲೆ. ಹಾಗೇ ಅಲ್ವಾ ಇದ್ದಿದ್ದು?"

ಹೇಳಿಬಿಟ್ಟೆ. ಐದು ವರ್ಷ ಹೊಟ್ಟೆಯೊಳಗಿದ್ದದ್ದು. ಕನ್ನಡಕ ಪರದೆಯನ್ನೇ ನೋಡುತ್ತಿದ್ದಳು. ತಮ್ಮ ಸ್ಟೂಲಿನ ಮೇಲೆ ಕೂತ, ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ಇಲ್ಲ, ಅಂದಿಲ್ಲ. ತಪ್ಪಾಯ್ತು" ಅಂದ. ಎದ್ದು ಬಂದು ಗೆರೆ ಎಳೆಯುವ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು, "ಈಗ ಕೇಳ್ತಿದ್ದೀನಿ. ನೀನಾಗಿದ್ರೆ ಹೇಗೆ ಹೊಲೀತಿದ್ದೆ?" ಎಂದ.

ನೆಲದ ಮೇಲೆ ಬರೆದು ತೋರಿಸಿದೆ. ಉದ್ದ ಚೀಲಗಳು ಬೇಡ. ಅವು ಇಪ್ಪತ್ತು ನಿಮಿಷಕ್ಕೊಮ್ಮೆ ಮನುಷ್ಯನನ್ನು ಹಲಗೆಯ ಹಾಗೆ ಇಡಿಯಾಗಿ ವಾಲಿಸುತ್ತವೆ, ಹಿಮ್ಮಡಿ ಮಾತ್ರ ಇದ್ದಲ್ಲೇ ಒತ್ತಿಕೊಂಡಿರುತ್ತದೆ. ಅಂಗೈಯಗಲದ ಸಣ್ಣ ಖಾನೆಗಳು ಬೇಕು, ಒಂದೊಂದೂ ತನ್ನ ಪಾಡಿಗೆ ಉಬ್ಬಿ ತಗ್ಗಬೇಕು. ಮೂರನೆಯ ಹಾಸಿಗೆಗೆ ತರಿಸಿದ ಚಿಕ್ಕ ಚೀಲಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು, ಹಾಗಾಗಿ ಸಾಮಾನಿಗೆ ಪರದಾಡಬೇಕಾಗಲಿಲ್ಲ. ಯಾವುದು ಯಾವಾಗ ಉಬ್ಬಬೇಕು ಎಂಬ ಪ್ರಶ್ನೆಗೆ ಕನ್ನಡಕ ಮೆಲ್ಲಗೆ, "ಅಕ್ಕನ ಮುನ್ನೂರ ಹನ್ನೆರಡು ಇದೆಯಲ್ಲ ಸರ್. ಅದನ್ನೇ ಹಾಸಿಗೆಗೆ ಕೊಟ್ಟುಬಿಡೋಣ. ಅಕ್ಕ ಹೇಗೆ ಅಲ್ಲಾಡಿದ್ರೋ ಹಾಗೇ ಅವರನ್ನ ಅಲ್ಲಾಡಿಸಲಿ" ಅಂದಳು. ತಮ್ಮ ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ, ಇನ್ನೊಂದು ಸ್ವಲ್ಪ ಹೊತ್ತಾದರೆ ಕಾಲಿಗೇ ಬೀಳುತ್ತಿದ್ದ.

ಬುಧವಾರ ಬೆಳಿಗ್ಗೆ ಬಂದವನೇ ಹಳೆಯ ಹಾಸಿಗೆಯ ಮೇಲೆ ಮಲಗಿದ. "ನನ್ನ ಕಟ್ಟಿಹಾಕು" ಅಂದ.

"ಏನು?"

"ಅಲ್ಲಾಡದೇ ಇರೋದು ಹೇಗಿರುತ್ತೆ ಅಂತ ನಮಗೆ ಯಾರಿಗೂ ಗೊತ್ತಿಲ್ಲ ಅಕ್ಕ. ಐದು ವರ್ಷ ಗೊತ್ತಿದೆ ಅಂದ್ಕೊಂಡು ಮೋಸ ಹೋದ್ವಿ. ಬಡಗಿ ಹೇಳಿದ ಚೌಕಟ್ಟು ಇದೇ. ಹಳೇ ಹಾಸಿಗೆ ಏನು ಮಾಡುತ್ತೆ ಅಂತ ಮೊದಲು ನನಗೆ ಗೊತ್ತಾಗಬೇಕು. ಎರಡು ಗಂಟೆ. ಬಿಚ್ಚು ಅಂತ ಕೂಗಿದ್ರೂ ಬಿಚ್ಚಬೇಡ."

ನನ್ನ ಅಂಗಡಿಯಲ್ಲಿ ಸೀಟ್ ಬೆಲ್ಟಿಗೆ ಬರವೇ? ಎದೆ, ಸೊಂಟ, ತೊಡೆ, ಮೊಣಕಾಲು, ಪಾದ, ಎಲ್ಲ ಕಡೆ ಬಿಗಿದೆ. ಮೊದಲ ಅರ್ಧ ಗಂಟೆ ಜೋಕು ಹೊಡೆದ. ನಲವತ್ತು ನಿಮಿಷಕ್ಕೆ ಹಣೆಯ ಮೇಲೆ ಬೆವರು. ಒಂದು ಗಂಟೆಗೆ, "ಹಿಮ್ಮಡಿ ಅಕ್ಕ, ಹಿಮ್ಮಡಿಗೆ ಬೆಂಕಿ ಇಟ್ಟ ಹಾಗಿದೆ" ಅಂದ. ಗಾಳಿ ತುಂಬಿ ಹಾಸಿಗೆ ವಾಲಿತು, ಹಿಮ್ಮಡಿ ಅಲ್ಲೇ ಇತ್ತು. ಆಮೇಲೆ ಬಿಚ್ಚು ಅಂದ. ಬಿಚ್ಚಲಿಲ್ಲ. ಬೈಯಲು ಶುರುಮಾಡಿದ. ನಾನು ಅಕ್ಕನೇ ಅಲ್ಲವಂತೆ, ರಾಕ್ಷಸಿಯಂತೆ. ಚಿಕ್ಕವನಿದ್ದಾಗ ಅವನ ಸೈಕಲ್ ಕಿತ್ತುಕೊಂಡಿದ್ದೆನಂತೆ, ಅಮ್ಮನಿಗೆ ಚಾಡಿ ಹೇಳುತ್ತಿದ್ದೆನಂತೆ, ನನ್ನ ಕೈಗೆ ಸಿಕ್ಕ ಗಂಡ ಪುಣ್ಯ ಮಾಡಿ ಬೇಗ ಹೋದನಂತೆ. ಕೊನೆಯ ಮಾತು ಬಂದಾಗ ಕನ್ನಡಕ ಎದ್ದು ಬೆಲ್ಟಿಗೆ ಕೈಹಾಕಿದಳು. ಅವಳ ಕೈ ಹಿಡಿದು ನಿಲ್ಲಿಸಿದೆ.

ಸಿಟ್ಟು ಬರಲಿಲ್ಲವೇ ಅಂದರೆ ಬಂತು. ಅಳುವೂ ಬಂತು. ನನ್ನ ತೋಳಲ್ಲಿ ಎತ್ತಿ ಆಡಿಸಿದ ಹುಡುಗ ಕಣ್ಣೆದುರು ಒದ್ದಾಡಲೂ ಆಗದೆ ಬಿದ್ದಿದ್ದಾನೆ. ಅವನ ತಲೆಯ ಹತ್ತಿರ ಕೂತು ಬೆವರು ಒರೆಸಿದೆ. "ನಿನಗೆ ಇನ್ನು ಇಪ್ಪತ್ತೈದು ನಿಮಿಷ ಕಣೋ. ಅವರಿಗೆ ನಾಲ್ಕು ವರ್ಷ. ನೋವಾಗ್ತಿದೆ ಅಂತ ಹೇಳೋದಕ್ಕೂ ಅವರಿಗೆ ಗೊತ್ತಾಗಲ್ಲ. ತಡ್ಕೋ" ಅಂದೆ. ಹಲ್ಲು ಕಚ್ಚಿದ.

ಎರಡು ಗಂಟೆಗೆ ಸರಿಯಾಗಿ ಬಿಚ್ಚಿದೆ. ಬಲ ಹಿಮ್ಮಡಿಯ ಮೇಲೆ ನಾಣ್ಯದಗಲ ಕೆಂಪು, ಬಡಗಿಗೆ ಆದ ಜಾಗದಲ್ಲೇ. ಅವನು ಕುಂಟುತ್ತ ಎದ್ದು, ಮೊದಲು ಪುಸ್ತಕ ತೆಗೆದು ಎಲ್ಲೆಲ್ಲಿ ಎಷ್ಟು ಹೊತ್ತಿಗೆ ನೋವು ಶುರುವಾಯಿತು ಎಂದು ಬರೆದ. ಬರೆದು ಮುಗಿಸಿ, ತಲೆ ಎತ್ತದೆ, "ಭಾವನ ವಿಷಯ ಎತ್ತಬಾರದಿತ್ತು" ಅಂದ. "ಬರೆದ್ಯಾ? ಹಾಗಾದ್ರೆ ಬಟ್ಟೆ ಕತ್ತರಿಸೋಣ ಬಾ" ಅಂದೆ.

ಬುಧವಾರ, ಗುರುವಾರ ಹೊಲಿದೆ. ನೂರ ಅರವತ್ತು ಖಾನೆ. ಹಿಮ್ಮಡಿಯ ಕಡೆ ಇನ್ನೂ ಚಿಕ್ಕವು. ಎರಡು ಸೂಜಿ ಮುರಿದವು, ಒಂದು ಬೆರಳಿಗೆ ಚುಚ್ಚಿತು. ತಮ್ಮ ಹತ್ತು ನಿಮಿಷಕ್ಕೊಮ್ಮೆ ಬಂದು "ನಿನಗೇನನ್ಸುತ್ತೆ" ಎಂದು ಕೇಳಿ ಕೇಳಿ ನನ್ನ ಪ್ರಾಣ ತಿಂದ. ಕೊನೆಗೆ ಕತ್ತರಿ ತೋರಿಸಿ ಓಡಿಸಿದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಹೊಸ ಹಾಸಿಗೆಯ ಮೇಲೆ ಅವನನ್ನು ಮತ್ತೆ ಕಟ್ಟಿದೆ. ಈ ಸಲ ನಾಲ್ಕು ಗಂಟೆ. ಮೈಯ ಕೆಳಗೆ ಏನೋ ಹರಿದಾಡುವ ಹಾಗಿದೆ ಅಂದ, ಅಸಹ್ಯ ಅಂದ, ಆಮೇಲೆ ಪರವಾಗಿಲ್ಲ ಅಂದ. ಎರಡನೆಯ ಗಂಟೆ ದಾಟಿದಾಗ ನಾನು ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡು ಕಾದೆ. ಗೊರಕೆ ಕೇಳಿಸಿತು. ಹತ್ತು ಗಂಟೆಗೆ ಬಿಚ್ಚಿ ಹಿಮ್ಮಡಿ ಒತ್ತಿ ನೋಡಿದೆವು. ಬೆಳ್ಳಗಾಗಿ, ಮತ್ತೆ ಬಣ್ಣ ತುಂಬಿಕೊಂಡಿತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಹಾಸಿ ಬಂದೆವು. ಹಾಸಿಗೆ ಯಾರ ಹಾಗೆ ಅಲ್ಲಾಡುತ್ತದೆ ಎಂದು ತಮ್ಮ ಹೇಳಿದಾಗ ಬಡಗಿ ಗಂಭೀರವಾಗಿ, "ಹಾಗಾದ್ರೆ ನನ್ನ ಹೆಂಡತಿ ಎದುರಿಗೆ ಈ ವಿಷಯ ಎತ್ತಬೇಡಿ" ಅಂದರು. ಆಕೆ ಅಲ್ಲೇ ಇದ್ದರು, ನಕ್ಕರು. ನಗು ಬಾಯಿಯವರೆಗೆ ಬಂತು, ಕಣ್ಣಿಗೆ ಹೋಗಲಿಲ್ಲ. ಮಂಚದ ಕೆಳಗೆ ಒಂದು ಚೀಲ ಆಗಲೇ ಸಿದ್ಧವಿತ್ತು, ಕೇಂದ್ರಕ್ಕೆ ಕೊಂಡೊಯ್ಯಲು ಅವರ ಬಟ್ಟೆ, ಕ್ಷೌರದ ಸಾಮಾನು.

ಶನಿವಾರ, ಭಾನುವಾರ ಹೇಗೆ ಕಳೆದವು ಎಂದು ಕೇಳಬೇಡಿ. ಸೋಮವಾರ ಎಂಟಕ್ಕೆ ಹೋದಾಗ ಹೊರಗೆ ಆಂಬುಲೆನ್ಸ್ ನಿಂತಿತ್ತು. ಒಳಗೆ ಸಿಸ್ಟರ್ ಹೊದಿಕೆ ಸರಿಸಿದರು. ಬಲ ಹಿಮ್ಮಡಿ ಒತ್ತಿದರು. ಎಡ ಹಿಮ್ಮಡಿ. ಮಗ್ಗುಲಾಗಿಸಿ ಸೊಂಟ. ಭುಜ. ಒಂದೊಂದು ಸಲವೂ ಒತ್ತಿ, ಬಿಟ್ಟು, ಕಾದು ನೋಡಿದರು. ಆಮೇಲೆ ಕೈ ತೊಳೆದುಕೊಂಡು, ಬಾಗಿಲ ಹತ್ತಿರ ನಿಂತಿದ್ದ ಡ್ರೈವರಿಗೆ, "ನೀವು ಹೊರಡಿ. ಇವರು ಮನೆಗೆ ಹೋಗ್ತಾರೆ" ಅಂದರು. ಬಡಗಿಯ ಹೆಂಡತಿ ಅಲ್ಲೇ ಕುಕ್ಕರಿಸಿದರು. ತಮ್ಮ ಕಿಟಕಿಯ ಕಡೆ ತಿರುಗಿ ನಿಂತ. ನಾನು ಮುಖ ಮುಚ್ಚಿಕೊಂಡು ಜೋರಾಗಿಯೇ ಅತ್ತೆ, ನನಗೇನು ನಾಚಿಕೆ?

ಅವರು ಮನೆಗೆ ಹೋದ ಐದನೆಯ ದಿನ ಹಾಸಿಗೆ ನೋಡಿಕೊಂಡು ಬರಲು ನಾನೂ ತಮ್ಮನೂ ಹೋದೆವು. ಬೆಳಿಗ್ಗೆ ಹತ್ತೂವರೆ. ಬಾಗಿಲು ಬಡಿದೆವು, ತೆರೆಯಲಿಲ್ಲ. ಮತ್ತೆ ಬಡಿದೆವು. ನನಗೆ ಏನೇನೋ ಯೋಚನೆ. ನಾಲ್ಕನೆಯ ಸಲಕ್ಕೆ ಬಾಗಿಲು ತೆರೆಯಿತು. ಆಕೆಯ ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ನಮ್ಮನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು. "ಅಯ್ಯೋ, ಮಲಗೇಬಿಟ್ಟಿದ್ದೀನಿ" ಎಂದು ಗಂಡನ ಕೋಣೆಗೆ ಓಡಿದರು. ನಾವೂ ಹಿಂದೆಯೇ ಓಡಿದೆವು.

ಬಡಗಿ ಚೆನ್ನಾಗಿಯೇ ಇದ್ದರು. ತುಟಿ ಒಣಗಿತ್ತು ಅಷ್ಟೇ. ಪಕ್ಕದಲ್ಲೇ ಆಕೆಯ ಮಂಚ, ಹೊದಿಕೆ ಅರ್ಧ ನೆಲಕ್ಕೆ ಬಿದ್ದಿತ್ತು. ಆಕೆ ನೀರು ಕುಡಿಸುತ್ತ, "ಎಷ್ಟು ಹೊತ್ತಿಗೆ ಎಚ್ಚರ ಆಯ್ತು ನಿಮಗೆ?" ಎಂದು ಕೇಳಿದರು.

"ಐದಕ್ಕೆ."

"ಐದಕ್ಕಾ? ಬಾಯಾರಿಕೆ ಆಗಿದ್ರೆ ಕೂಗಬಾರದಿತ್ತಾ? ಐದೂವರೆ ಗಂಟೆ ಏನು ಮಾಡ್ತಿದ್ರಿ?"

"ನೀನು ಮಲಗಿದ್ದೆಯಲ್ಲ" ಅಂದರು ಬಡಗಿ. "ನೋಡ್ತಿದ್ದೆ. ನಾಲ್ಕು ವರ್ಷದಿಂದ ನಾನು ಕಣ್ಣು ಬಿಟ್ಟಾಗೆಲ್ಲ ನೀನು ಎದ್ದೇ ಇರ್ತಿದ್ದೆ."

ಆಕೆ ಲೋಟ ಕೆಳಗಿಟ್ಟು, ಒದ್ದೆ ಬೆರಳಿನಿಂದ ಗಂಡನ ತುಟಿ ಒರೆಸಿದರು. ತಮ್ಮ ಪುಸ್ತಕ ತೆಗೆದು, ಹಾಸಿಗೆಯಲ್ಲಿ ಏನು ತೊಂದರೆ ಇದೆ ಎಂದು ಕೇಳಿದ.

"ಪಂಪು" ಅಂದರು ಬಡಗಿ. "ಅದು ಗುರ್ ಅಂದಾಗೆಲ್ಲ ಎಲ್ಲಿ ಇವಳು ಎದ್ದುಬಿಡ್ತಾಳೋ ಅಂತ ಜೀವ ಬಾಯಿಗೆ ಬರ್ತಿತ್ತು."

ತಮ್ಮ ಅಲ್ಲೇ ನೆಲದ ಮೇಲೆ ಮೊಣಕಾಲೂರಿ ಪಂಪಿಗೆ ಕಿವಿ ಇಟ್ಟ. ನಾನು ಚೀಲದಿಂದ ಟೇಪು ತೆಗೆದು, ಸದ್ದು ಅಡಗಿಸುವ ದಪ್ಪ ಗವಸು ಹೊಲಿಯಲು ಅದರ ಸುತ್ತಳತೆ ಹಿಡಿದೆ.